ಕೆಳಗಿನ ಸಾಲು

ಗುರುಗಳ ಕುಟೀರದ ಗೋಡೆ ಅವರ ತಪಸ್ಸಿನ ಬಲದಿಂದ ನಿಂತಿದೆ ಎಂದು ಆ ಆಶ್ರಮದಲ್ಲಿ ಎಲ್ಲರೂ ನಂಬಿದ್ದರು.

ನಂಬುವುದಕ್ಕೆ ಕಾರಣವೂ ಇತ್ತು. ಅದು ಹುಲ್ಲಿನ ಗೋಡೆ.

ಹೊಳೆಯ ದಂಡೆಯಲ್ಲಿ ಸಿಗುವುದು ಬರೀ ಮರಳು. ಇಟ್ಟಿಗೆಗೆ ಒದಗುವ ಮಣ್ಣಿಲ್ಲ. ಬತ್ತದ ಹುಲ್ಲು ಮಾತ್ರ ಬೇಕಾದಷ್ಟು. ಅದನ್ನು ಹಲಗೆಯ ಪೆಟ್ಟಿಗೆಗೆ ತುಂಬಿ, ತುಳಿದು, ಹಗ್ಗ ಬಿಗಿದು ಪೆಂಡಿ ಮಾಡುತ್ತಿದ್ದರು. ಪೆಂಡಿಯ ಮೇಲೆ ಪೆಂಡಿ ಪೇರಿಸಿ ಎರಡೂ ಕಡೆ ಸುಣ್ಣದ ಗಾರೆ ಮೆತ್ತಿದರೆ ಗೋಡೆ. ಮಾಡಿನ ಭಾರ ಮರದ ಕಂಬಗಳ ಮೇಲೆ.

ಇಂಥ ಗೋಡೆ ಸುತ್ತಲಿನ ಊರುಗಳಲ್ಲಿ ಮೂರು ವರ್ಷ ಬಾಳಿದರೆ ಹೆಚ್ಚು. ಗುರುಗಳದು ಮೂವತ್ತೆರಡು ಮಳೆಗಾಲ ಕಂಡಿತ್ತು. ಅಡಿಪಾಯವಿಲ್ಲ, ಕಲ್ಲಿಲ್ಲ. ನೇರವಾಗಿ ನೆಲದ ಮೇಲೆ ಕೂತಿತ್ತು.

ಬೇರೆ ಕಾರಣವನ್ನು ಯಾರೂ ಹುಡುಕಿರಲಿಲ್ಲ. ಇದ್ದ ಕಾರಣ ಹೇಳಿಕೊಳ್ಳಲು ಚೆನ್ನಾಗಿತ್ತು.

ಈ ನಂಬಿಕೆಯಿಂದ ಒಂದು ನಿಯಮ ಹುಟ್ಟಿತ್ತು. ದೀಕ್ಷೆ ಬೇಕಾದವನು ತನ್ನ ಕೈಯಾರೆ ಒಂದು ಹುಲ್ಲಿನ ಕೋಣೆ ಕಟ್ಟಬೇಕು. ಅದು ಎರಡು ಮಳೆಗಾಲ ನಿಲ್ಲಬೇಕು. ಕಟ್ಟಿ ಮುಗಿದ ಮೇಲೆ ಗೋಡೆಗೆ ಕೈ ಹಚ್ಚುವಂತಿಲ್ಲ. ಹಚ್ಚಿದರೆ ಎಣಿಕೆ ಮತ್ತೆ ಮೊದಲಿನಿಂದ. ಎರಡನೆಯ ಮಳೆಗಾಲ ಕಳೆದ ಹುಣ್ಣಿಮೆಗೆ ಅದೇ ಕೋಣೆಯಲ್ಲಿ ದೀಕ್ಷೆ.

ನಿಯಮ ಮಾಡಿದವರು ಗುರುಗಳಲ್ಲ, ಹಿರಿಯ ಶಿಷ್ಯ ತ್ರಿಯಂಬಕಯ್ಯ. ಗುರುಗಳು ಬೇಡ ಅನ್ನಲಿಲ್ಲ. ಅವರು ಯಾವುದಕ್ಕೂ ಬೇಡ ಅನ್ನುತ್ತಿರಲಿಲ್ಲ.

ತ್ರಿಯಂಬಕಯ್ಯನ ದೀಕ್ಷೆ ನಿಯಮಕ್ಕಿಂತ ಮೊದಲೇ ಆಗಿತ್ತು.

ಭರಮಣ್ಣ ಪಾಠಶಾಲೆಯಲ್ಲಿ ತರ್ಕ ಹೇಳಿಕೊಡುತ್ತಿದ್ದವನು. ಅದನ್ನು ಬಿಟ್ಟು ಆಶ್ರಮಕ್ಕೆ ಬಂದ. ದೀಕ್ಷೆ ಪಡೆಯದೆ ಮರಳುವುದಿಲ್ಲ ಎಂದು ಊರಿನವರೆಲ್ಲರ ಎದುರು ಹೇಳಿ ಬಂದಿದ್ದ. ಹಾಗೆ ಹೇಳಬಾರದಿತ್ತು ಎಂದು ಅವನಿಗೆ ಎರಡನೆಯ ವರ್ಷವೇ ಅನ್ನಿಸಿತ್ತು.

ಆ ಎರಡು ವರ್ಷ ಅವನು ಹೊಳೆಯಿಂದ ನೀರು ಹೊತ್ತ. ಮೂರನೆಯ ವರ್ಷ ಮಾಘದಲ್ಲಿ ಗುರುಗಳು, “ಭರಮಣ್ಣ, ಕಟ್ಟು” ಎಂದರು.

ತರ್ಕ ಓದಿದವನು ಮೊದಲು ಪ್ರಮಾಣ ಹುಡುಕುತ್ತಾನೆ. ಭರಮಣ್ಣ ಗುರುಗಳ ಕುಟೀರದ ಸುತ್ತ ಹಗ್ಗ ಹಿಡಿದು ಅಳೆದ. ಉದ್ದ, ಅಗಲ, ಪೆಂಡಿಯ ಗಾತ್ರ, ಗಾರೆಯ ದಪ್ಪ. ಅದು ನೆಲದ ಮೇಲೆ ಕೂತಿತ್ತು. ಅವನೂ ನೆಲದ ಮೇಲೆ ಕೂರಿಸಿದ. ಮಳೆಯ ಭಯಕ್ಕೆ ಸೂರನ್ನು ಮಾತ್ರ ಮೂರು ಮೊಳ ಹೆಚ್ಚು ಚಾಚಿದ.

ಹುಲ್ಲು ಸಾಲದೆ ಬಂತು. ಕೊಟ್ಟಿಗೆಯ ಅಟ್ಟದಿಂದ ತೆಗೆದುಕೊಳ್ಳಲೇ ಎಂದು ಅಡಿಗೆಯ ದ್ಯಾಮವ್ವನನ್ನು ಕೇಳಿದ.

“ಅದನ್ನ ಮುಟ್ಟಬ್ಯಾಡ ತಮ್ಮಾ. ಗುರುಗೋಳು ಹಸಕ್ಕ ಅಂತ ತರಿಸಿದ್ದು.”

“ಇರುವುದು ಒಂದೇ ಹಸು. ಎರಡು ಗಾಡಿ ಹುಲ್ಲು ಯಾಕೆ?”

“ವರ್ಷಾ ಎರಡು ಗಾಡಿ ಬರ್ತೈತಿ, ವರ್ಷಾ ಖಾಲಿ ಆಗ್ತೈತಿ. ಅದೂ ಭಾಳ ತಪಸ್ಸಿನ ಹಸ ಇರಬೇಕು.”

ಭರಮಣ್ಣ ನಗಲಿಲ್ಲ. ಆಶ್ರಮದಲ್ಲಿ ತಪಸ್ಸಿನ ಬಗ್ಗೆ ನಗುವ ಪದ್ಧತಿ ಇರಲಿಲ್ಲ.

ಚೈತ್ರದಲ್ಲಿ ಎಲ್ಲರೂ ಎಂದಿನಂತೆ ಯಾತ್ರೆಗೆ ಹೋದರು. ಪ್ರತಿ ಬೇಸಿಗೆ ಒಂದೂವರೆ ತಿಂಗಳು ಶಿಷ್ಯರ ಯಾತ್ರೆ. ಗುರುಗಳು ಬರುತ್ತಿರಲಿಲ್ಲ. ಅವರೂ ದ್ಯಾಮವ್ವನೂ ಹಸುವೂ ಉಳಿಯುತ್ತಿದ್ದರು.

ಮರಳಿದ ಮೇಲೆ ಮಳೆಗಾಲ ಬಂತು. ಮಾಡು ಸೋರಲಿಲ್ಲ. ಗೋಡೆಗೆ ಒಂದು ಹನಿ ಸಿಡಿಯಲಿಲ್ಲ. ಭರಮಣ್ಣ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರುತ್ತಿದ್ದ.

ಆಶ್ವಯುಜದಲ್ಲಿ ಗೋಡೆಯ ಬುಡದ ಗಾರೆ ಉಬ್ಬಿತು. ಉಬ್ಬಿದ ಕಡೆ ಅಣಬೆ ಎದ್ದಿತು. ಒಂದು ಮಧ್ಯಾಹ್ನ, ಗಾಳಿಯೂ ಇಲ್ಲದ ಹೊತ್ತಿನಲ್ಲಿ, ಗೋಡೆ ಮಂಡಿಯೂರಿದಂತೆ ಕುಸಿಯಿತು.

ಭರಮಣ್ಣ ಗುರುಗಳ ಎದುರು ಹೋಗಿ ಕೂತ. ಗುರುಗಳು ತಂಬಿಗೆಯಲ್ಲಿ ನೀರಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು.

“ಗುರುಗಳೇ, ಮಾಡು ಎಲ್ಲೂ ಸೋರಿಲ್ಲ. ಸೂರು ಮೂರು ಮೊಳ ಚಾಚಿದೆ. ನೀರಿನ ಸ್ವಭಾವ ಮೇಲಿನಿಂದ ಕೆಳಗೆ ಇಳಿಯುವುದು. ಮೇಲಿನಿಂದ ಬಂದಿಲ್ಲ ಎಂದಮೇಲೆ ಗೋಡೆಗೆ ನೀರೇ ಬಂದಿಲ್ಲ. ನೀರೇ ಬಂದಿಲ್ಲ ಎಂದಮೇಲೆ ಅದು ಕೊಳೆತಿರಲು ಸಾಧ್ಯವಿಲ್ಲ.”

“ಹ್ಞೂಂ” ಎಂದರು ಗುರುಗಳು.

ಭರಮಣ್ಣ ಮುಂದುವರಿಸಿದ. ಐದು ಬಗೆಯ ಕಾರಣಗಳನ್ನು ಎತ್ತಿ, ಐದನ್ನೂ ಖಂಡಿಸಿದ. ಗುರುಗಳು ಕೇಳುತ್ತ ಕೇಳುತ್ತ ಅವನ ಪಂಚೆಯ ತುದಿಯನ್ನು ಎತ್ತಿ ತಂಬಿಗೆಯ ನೀರಿನಲ್ಲಿ ಇಳಿಬಿಟ್ಟರು. ಅವನು ಗಮನಿಸಲಿಲ್ಲ. ವಾದ ಅಷ್ಟು ಚೆನ್ನಾಗಿ ನಡೆದಿತ್ತು.

ಮುಗಿಸಿ ಎದ್ದಾಗ ಮೊಣಕಾಲಿನವರೆಗೆ ತಣ್ಣಗಾಯಿತು.

“ಪಂಚೆ ಯಾಕೆ ಒದ್ದೆ?” ಎಂದು ಗುರುಗಳು ಕೇಳಿದರು.

“ತುದಿ ತಂಬಿಗೆಯಲ್ಲಿ ಇತ್ತು.”

“ತುದಿ ತಾನೇ?”

ಭರಮಣ್ಣ ಪಂಚೆ ಹಿಂಡುತ್ತ ನಿಂತ. ನೀರು ಹೇಗೆ ಏರಿತೆಂದು ಅರ್ಥವಾಗಿತ್ತು. ಇನ್ನೊಂದು ಅರ್ಥವಾಗಿರಲಿಲ್ಲ.

“ಹಾಗಾದರೆ ತಮ್ಮ ಗೋಡೆ, ಗುರುಗಳೇ? ಅದೂ ನೆಲದ ಮೇಲೇ ಇದೆ.”

“ನನ್ನದನ್ನು ನೋಡಿ ಕಟ್ಟಬೇಡ.”

ಸಂಜೆ ತ್ರಿಯಂಬಕಯ್ಯ ಈ ಮಾತಿಗೆ ಅರ್ಥ ಹೇಳಿದ. “ಸಿದ್ಧರಿಗೆ ಅಡಿಪಾಯ ಬೇಕಿಲ್ಲಪ್ಪ. ನಮಗೆ ಬೇಕು. ಅಷ್ಟೇ.”

ಮರುವರ್ಷ ಭರಮಣ್ಣ ಮೊಣಕಾಲೆತ್ತರ ಕಲ್ಲಿನ ಕಟ್ಟೆ ಕಟ್ಟಿದ. ಅದರ ಮೇಲೆ ಉದ್ದಕ್ಕೂ ಎರಡು ತೊಲೆ ಇಟ್ಟು, ತೊಲೆಗಳಿಗೆ ಗೇರೆಣ್ಣೆ ಬಳಿದು, ನಡುವಿನ ಜಾಗಕ್ಕೆ ಹೊಳೆಯ ಜಲ್ಲಿ ತುಂಬಿದ. ನೆಲದ ತೇವ ಕಲ್ಲು ದಾಟಿ ಏರಬಾರದು. ಹೇಗೋ ಒಳಗೆ ಸೇರಿದ ನೀರು ಹುಲ್ಲಿನಲ್ಲಿ ನಿಲ್ಲದೆ ಜಲ್ಲಿಗೆ ಇಳಿದು, ಹೊರಗಿನ ತೊಲೆಯ ಕೆಳಗೆ ಬಿಟ್ಟ ಸಂದಿಗಳಿಂದ ಆಚೆ ಹೋಗಬೇಕು. ಪೆಂಡಿಗಳನ್ನು ತೊಲೆಗಳ ಮೇಲೆ ಪೇರಿಸಿದ.

ಅಣಬೆ ಏಳಲಿಲ್ಲ. ಏಳುವುದಕ್ಕೆ ಸಮಯವೂ ಸಿಗಲಿಲ್ಲ. ಆಷಾಢದ ಗಾಳಿಗೆ ಪಡುವಣ ಗೋಡೆ ಇಡಿಯಾಗಿ ಕಟ್ಟೆಯಿಂದ ಜಾರಿ ಅಂಗಳಕ್ಕೆ ಬಂತು. ಪೆಂಡಿಗಳನ್ನು ಮುಟ್ಟಿ ನೋಡಿದರೆ ಎಲ್ಲ ಒಣಗಿದ್ದವು.

“ಒಣಗಿವೆ, ಗುರುಗಳೇ” ಎಂದ ಭರಮಣ್ಣ. ಹೇಳಿಕೊಳ್ಳಲು ಅವನ ಬಳಿ ಇದ್ದದ್ದು ಅಷ್ಟೇ.

ಗುರುಗಳು ಅವನನ್ನು ನೋಡಿದರು. ಬಿಸಿಲಿಗೆಂದು ಅವನು ತಲೆಯ ಮೇಲೆ ಒಂದು ವಸ್ತ್ರ ಮಡಿಸಿ ಇಟ್ಟುಕೊಂಡಿದ್ದ. ಅದನ್ನು ಒಂದು ಬೆರಳಿನಿಂದ ತಳ್ಳಿದರು. ಬಿತ್ತು.

“ನೆಟ್ಟಗೆ ಕೂತಿತ್ತಲ್ಲ, ಗುರುಗಳೇ!”

“ಕೂತಿತ್ತು. ಕಟ್ಟಿರಲಿಲ್ಲ.”

ಭರಮಣ್ಣ ವಸ್ತ್ರ ಎತ್ತಿಕೊಂಡು ಧೂಳು ಕೊಡವಿದ.

“ನೆಲವನ್ನು ಮುಟ್ಟಬಾರದು” ಎಂದರು ಗುರುಗಳು. “ನೆಲವನ್ನು ಬಿಡಲೂಬಾರದು.”

ತ್ರಿಯಂಬಕಯ್ಯ ಅದನ್ನು ಕೂಡಲೇ ಬರೆದುಕೊಂಡ. ಸಂಸಾರ, ದೇಹ, ಆತ್ಮ ಎಂದು ಮೂರು ದಿನ ಅದರ ಮೇಲೆ ಪ್ರವಚನ ಮಾಡಿದ. ಕೇಳಿದವರು ಚೆನ್ನಾಗಿತ್ತು ಅಂದರು.

ಭರಮಣ್ಣ ಪ್ರವಚನಕ್ಕೆ ಹೋಗಲಿಲ್ಲ. ಬಿದಿರು ಕಡಿಯಲು ಹೋಗಿದ್ದ.

ಐದನೆಯ ವರ್ಷದ ಮಾಘದಲ್ಲಿ ಅವನು ಕಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದ. ತೊಲೆ, ಜಲ್ಲಿ, ಸಂದಿಗಳು ಮೊದಲಿನಂತೆಯೇ. ಈ ಸಲ ಕಲ್ಲಿನ ನಡುವೆ ಬಿದಿರಿನ ಗೂಟಗಳನ್ನು ಒಂದು ಮೊಳ ಹುಗಿದು, ಸುತ್ತ ಗಾರೆ ತುಂಬಿ ನೆಟ್ಟ. ಪೆಂಡಿಗೆ ಎರಡರಂತೆ ಗೂಟ. ಕೆಳಗಿನ ಸಾಲಿನ ಪೆಂಡಿಗಳನ್ನು ಮೇಲಿನಿಂದ ಒತ್ತಿ ಗೂಟಗಳಿಗೆ ಚುಚ್ಚಿ ಕೂರಿಸಿದ. ಮೇಲಿನ ಸಾಲುಗಳಿಗೆ ಉದ್ದನೆಯ ಬಿದಿರನ್ನು ಮೇಲಿನಿಂದ ಹೊಡೆದ. ಕೊನೆಗೆ ಗೋಡೆಯ ತಲೆಯಿಂದ ಕಟ್ಟೆಯ ಬುಡದವರೆಗೆ ಹಗ್ಗ ಬಿಗಿದು ಗಾರೆ ಮೆತ್ತಿದ.

ಹದಿನೈದು ದಿನ ಸುಣ್ಣದಲ್ಲಿ ಆಡಿ ಅವನ ಬೆರಳ ತುದಿಗಳು ಬಿರಿದವು. ದ್ಯಾಮವ್ವ ಕೊಬ್ಬರಿ ಎಣ್ಣೆ ಕೊಟ್ಟಳು.

“ಗುರುಗಳ ಬೆರಳೂ ಹೀಗೇ ಬಿರಿದಿವೆ” ಎಂದ ಭರಮಣ್ಣ, ಸ್ವಲ್ಪ ಹೆಮ್ಮೆಯಿಂದ. ಗುರುಗಳ ಬೆರಳು ತಪಸ್ಸಿನ ಉರಿಗೆ ಬಿರಿದದ್ದೆಂದು ತ್ರಿಯಂಬಕಯ್ಯ ಬರೆದಿಟ್ಟಿದ್ದ.

“ಅವರಿಗೆ ತಪಸ್ಸು, ನಿನಗ ಸುಣ್ಣ” ಎಂದಳು ದ್ಯಾಮವ್ವ. “ಎಣ್ಣಿ ಮಾತ್ರ ಒಂದೇ.”

ಆಷಾಢದ ಗಾಳಿ ಬಂದು ಹೋಯಿತು. ಗೋಡೆ ಅಲುಗಲಿಲ್ಲ. ಮೊದಲನೆಯ ಮಳೆಗಾಲ ಕಳೆಯಿತು. ಬುಡ ಒಣಗಿತ್ತು.

ತ್ರಿಯಂಬಕಯ್ಯನಿಗೆ ಭರಮಣ್ಣನ ಮೇಲೆ ಪ್ರೀತಿ ಬಂತು. ಮುಂದಿನದ್ದೆಲ್ಲ ಆ ಪ್ರೀತಿಯಿಂದ ಆಯಿತು.

ಆಶ್ರಮದಲ್ಲಿ ದಿನಾ ಬೆಳಿಗ್ಗೆ ಗುರುಗಳಿಗೆ ಪಾದಪೂಜೆ. ಹಾಲು, ಮೊಸರು, ತುಪ್ಪ, ಜೇನು, ಕಿವುಚಿದ ಬಾಳೆಹಣ್ಣು, ಆಮೇಲೆ ನೀರು. ಎಲ್ಲರೂ ಒಂದೊಂದು ಉದ್ಧರಣೆ ಕುಡಿದ ಮೇಲೆ ಪಾತ್ರೆಯಲ್ಲಿ ಬಹಳ ಉಳಿಯುತ್ತಿತ್ತು. ಪಾದೋದಕವನ್ನು ಯಾರೂ ತುಳಿಯಬಾರದು. ಆದ್ದರಿಂದ ಕಾಲು ಬೀಳದ ಜಾಗ ನೋಡಿ ಗುರುಗಳ ಕುಟೀರದ ಗೋಡೆಯ ಬುಡಕ್ಕೆ ಸುರಿಯುವುದು ವಾಡಿಕೆ. ಇಷ್ಟು ವರ್ಷ ಪಾದೋದಕ ಕುಡಿದ ಗೋಡೆ ಬೀಳುವುದುಂಟೇ ಎಂದು ಮಾತನಾಡಿಕೊಳ್ಳುತ್ತಿದ್ದರು.

“ಇನ್ನು ಮುಂದೆ ಅರ್ಧ ನಿನ್ನ ಗೋಡೆಗೆ” ಎಂದ ತ್ರಿಯಂಬಕಯ್ಯ. “ನಿನ್ನ ದೀಕ್ಷೆ ಇದರಿಂದಲೇ ಗಟ್ಟಿಯಾಗುತ್ತದೆ, ನೋಡುತ್ತಿರು.”

ಸುರಿಯಲು ಅವನು ಆರಿಸಿಕೊಂಡದ್ದು ಮೂಡಣ ಗೋಡೆಯ ಕೆಳಗಿನ ಸಂದಿಗಳನ್ನು. ಅಲ್ಲಿ ಯಾರ ಕಾಲೂ ಬೀಳುತ್ತಿರಲಿಲ್ಲ. ನೀರು ಹೊರಗೆ ಹೋಗಲೆಂದು ಬಿಟ್ಟ ದಾರಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಪಾದೋದಕವನ್ನು ಅವನು ನೀರಿನ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಭರಮಣ್ಣನಿಗೆ ಗೊತ್ತಿತ್ತು. ಜಲ್ಲಿ ಇದೆಯಲ್ಲ, ಇಳಿದು ಹೋಗುತ್ತದೆ ಅಂದುಕೊಂಡ. ತನ್ನ ಗೋಡೆಗೂ ಪಾದೋದಕ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ. ಬೇಡ ಎನ್ನುವ ಧೈರ್ಯ ಮಾಡಲಿಲ್ಲ.

ಯಾತ್ರೆಯ ದಿನಗಳನ್ನು ಬಿಟ್ಟು ಒಂದು ವರ್ಷ ದಿನಾ ಸುರಿದರು.

ಎರಡನೆಯ ಮಳೆಗಾಲ ಮುಗಿಯುತ್ತ ಬಂತು. ಹುಣ್ಣಿಮೆಗೆ ಹನ್ನೊಂದು ದಿನ. ಆಶ್ರಮಕ್ಕೆ ಸುಣ್ಣ ಬಳಿದರು. ಭರಮಣ್ಣನ ಊರಿಗೂ ಹೇಳಿಕಳಿಸಿದರು. ದೀಕ್ಷೆಯ ದಿನ ಆ ಕೋಣೆಯಲ್ಲಿ ನಲವತ್ತು ಜನ ಕೂರುವವರಿದ್ದರು.

ಆ ಬೆಳಿಗ್ಗೆ ಭರಮಣ್ಣ ಇರುವೆಗಳನ್ನು ನೋಡಿದ. ಕೆಂಪಿರುವೆ ಸಾಲುಗಟ್ಟಿ ಮೂಡಣ ಗೋಡೆಯ ಸಂದಿಯೊಳಗೆ ಹೋಗುತ್ತಿದ್ದವು. ಬಗ್ಗಿದ. ಹುಳಿತ ಬಾಳೆಹಣ್ಣಿನ ವಾಸನೆ. ಬೆರಳು ತೂರಿಸಿದರೆ ಜಲ್ಲಿ ಸಿಗಲಿಲ್ಲ. ತುಪ್ಪದಲ್ಲಿ ಕಟ್ಟಿದ ಕಪ್ಪು ಹೂಳು ಸಿಕ್ಕಿತು. ಒಳಗೆ ಹೋದದ್ದಕ್ಕೆ ಹೊರಗೆ ಬರಲು ದಾರಿ ಇರಲಿಲ್ಲ.

ಕಬ್ಬಿಣದ ಸಲಾಕೆಯೊಂದನ್ನು ತಂದು ಗಾರೆಯ ಒಂದು ಬಿರುಕಿನ ಮೂಲಕ ಕೆಳಗಿನ ಪೆಂಡಿಗೆ ಚುಚ್ಚಿದ. ಒಣ ಹುಲ್ಲು ಸಲಾಕೆಯನ್ನು ಹಿಡಿಯುತ್ತದೆ. ಇದು ಹಿಡಿಯಲಿಲ್ಲ. ಎಳೆದಾಗ ತುದಿಯಲ್ಲಿ ಗೊಬ್ಬರ ಅಂಟಿತ್ತು.

ಹಿಂದೆ ತ್ರಿಯಂಬಕಯ್ಯ ನಿಂತಿದ್ದ. ಕೈಯಲ್ಲಿ ಅವತ್ತಿನ ಪಾದೋದಕದ ಪಾತ್ರೆ.

“ಕೈ ಹಚ್ಚಿದೆಯಾ?”

“ಇಲ್ಲ. ಸಲಾಕೆ ಹಚ್ಚಿದೆ. ತ್ರಿಯಂಬಕಯ್ಯನವರೇ, ಕೆಳಗಿನ ಸಾಲು ಕೊಳೆತಿದೆ.”

“ಹೊರಗಿನಿಂದ ಏನೂ ಕಾಣುವುದಿಲ್ಲವಲ್ಲ.”

“ಒಳಗೆ ಕೊಳೆತಿದೆ.”

ತ್ರಿಯಂಬಕಯ್ಯ ಆಚೀಚೆ ನೋಡಿದ. “ಹನ್ನೊಂದು ದಿನ ತಾನೇ? ಅಷ್ಟು ದಿನ ನಿಲ್ಲುತ್ತದೆ.”

“ಹನ್ನೆರಡನೆಯ ದಿನ?”

“ಹನ್ನೆರಡನೆಯ ದಿನ ನಿನಗೆ ದೀಕ್ಷೆ ಆಗಿರುತ್ತದೆ.”

ಸಲಾಕೆಯ ತೂತಿಗೆ ತ್ರಿಯಂಬಕಯ್ಯ ತಾನೇ ಒಂದು ಚಿಟಿಕೆ ಸುಣ್ಣ ಮೆತ್ತಿದ. “ಇದನ್ನು ಕೈ ಹಚ್ಚಿದ್ದು ಅಂತ ಎಣಿಸುವುದಿಲ್ಲ” ಎಂದ. ಪಾತ್ರೆಯಲ್ಲಿದ್ದುದನ್ನು ಸಂದಿಗೆ ಸುರಿದು ಹೋದ.

ಭರಮಣ್ಣ ಗುರುಗಳನ್ನು ಹುಡುಕಿಕೊಂಡು ಹೋದ. ಅವರು ಅಡಿಗೆಮನೆಯ ಹಿಂದೆ ದ್ಯಾಮವ್ವನ ಪಕ್ಕ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

“ಗುರುಗಳೇ, ಗೋಡೆ ಮುಟ್ಟಿದರೆ ದೀಕ್ಷೆ ಹೋಗುತ್ತದೆ. ಮುಟ್ಟದಿದ್ದರೆ ಗೋಡೆ ಹೋಗುತ್ತದೆ. ಆರು ವರ್ಷ ಆಯಿತು. ಇನ್ನೂ ಎರಡು ಮಳೆಗಾಲ ಕಾಯುವ ಶಕ್ತಿ ನನಗಿಲ್ಲ.”

ಗುರುಗಳು ಒಂದು ಕಲ್ಲು ಆರಿಸಿ ಎಸೆದರು.

“ದೀಕ್ಷೆಯ ದಿನ ನನ್ನ ಮಣೆ ಎಲ್ಲಿ ಹಾಕುತ್ತೀಯ?”

“ಮೂಡಣ ಗೋಡೆಗೆ ತಾಗಿಸಿ. ಹಾಗೆ ಹಾಕಬೇಕೆಂದು ತ್ರಿಯಂಬಕಯ್ಯನವರು ಹೇಳಿದ್ದಾರೆ.”

“ಸರಿ. ಅಲ್ಲೇ ಹಾಕು.”

ಮತ್ತೆ ಅಕ್ಕಿಗೆ ಬಗ್ಗಿದರು.

ಭರಮಣ್ಣ ಹೊರಡಲು ತಿರುಗಿದ. ಮಣೆ ಅವನ ಕಣ್ಣಿಗೆ ಕಟ್ಟಿತು. ಅದರ ಮೇಲೆ ಗುರುಗಳು, ಅವರ ಹಿಂದೆ ಆಳೆತ್ತರದ ಗೋಡೆ, ಗೋಡೆಯ ಕೆಳಗೆ ಗೊಬ್ಬರ. ದ್ಯಾಮವ್ವ ತಲೆ ಎತ್ತದೆ, “ಪಿಕಾಸಿ ಕೊಟ್ಟಿಗ್ಯಾಗ ಐತಿ” ಎಂದಳು.

ಅವನು ಕೊಟ್ಟಿಗೆಗೆ ಹೋದ. ಪಿಕಾಸಿ ತೆಗೆದುಕೊಂಡ. ಹೊಸ ಹುಲ್ಲು ಬೇಕು ಎಂದು ಅಟ್ಟ ಹತ್ತಿದ. ಅಲ್ಲಿ ಹಸುವಿನ ಹುಲ್ಲು ಪೆಂಡಿ ಪೆಂಡಿಯಾಗಿ ಇತ್ತು. ಪೆಟ್ಟಿಗೆಗೆ ತುಂಬಿ, ತುಳಿದು, ಹಗ್ಗ ಬಿಗಿದು ಕಟ್ಟಿದ್ದು. ಹಸುವಿಗೆ ಹಾಕುವ ಹುಲ್ಲನ್ನು ಯಾರೂ ಇಷ್ಟು ಬಿಗಿಯಾಗಿ ಕಟ್ಟುವುದಿಲ್ಲ ಎಂಬುದು ಅವನಿಗೆ ಹೊಳೆಯಿತು. ಯೋಚಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ನಾಲ್ಕು ಪೆಂಡಿ ಕೆಳಗೆ ಉರುಳಿಸಿದ.

ಪಿಕಾಸಿಯ ಮೊದಲ ಏಟಿಗೆ ಗಾರೆ ಒಡೆಯಿತು. ಸದ್ದಿಗೆ ಎಲ್ಲರೂ ಬಂದರು.

“ಹೋಯಿತು” ಎಂದ ಒಬ್ಬ.

“ಹನ್ನೊಂದು ದಿನ ತಡೆಯಲಾರದೆ ಹೋದನಲ್ಲ” ಎಂದ ಇನ್ನೊಬ್ಬ.

ತ್ರಿಯಂಬಕಯ್ಯ ಗುಂಪಿನ ಹಿಂದೆ ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ದುಃಖ.

ಭರಮಣ್ಣ ಕೊಳೆತ ಪೆಂಡಿಯನ್ನು ಹಿಡಿದೆಳೆದ. ಪೆಂಡಿ ಬರಲಿಲ್ಲ, ಹಿಡಿಹಿಡಿಯಾಗಿ ಗೊಬ್ಬರ ಬಂತು. ಒಳಗಿನಿಂದ ಆವಿ ಎದ್ದಿತು. ವಾಸನೆಗೆ ಜನ ಎರಡು ಹೆಜ್ಜೆ ಹಿಂದೆ ಸರಿದರು. ಅವನು ಪಕ್ಕದ ಪೆಂಡಿಗೂ ಕೈ ಹಾಕಿದ. ಮೇಲಿನ ಸಾಲು ಕಿರ್ ಎಂದಿತು.

“ಎರಡು ಒಟ್ಟಿಗೆ ತೆಗೆಯಬೇಡ.”

ಗುರುಗಳು. ಹೆಗಲ ಮೇಲೆ ಒಂದು ಪೆಂಡಿ, ಸೊಂಟದಲ್ಲಿ ಕುಡುಗೋಲು.

“ಒಂದು ತೆಗೆ, ಒಂದು ಇಡು. ಮೇಲಿನದಕ್ಕೆ ಗೊತ್ತಾಗಬಾರದು.”

ಅವರು ಪೆಂಡಿಯನ್ನು ಇಳಿಸಿ, ಬದಿಯಲ್ಲಿ ಎರಡು ಕಡೆ ಕುಡುಗೋಲಿನಿಂದ ಸೀಳಿದರು. ಸೀಳನ್ನು ಅಗಲಿಸಿ ಗೂಟಗಳಿಗೆ ಅಪ್ಪಿಸಿದರು. ಪೆಂಡಿ ಒಳಗೆ ಸರಿದು ಕೂತಿತು. ಮಂಡಿಯಿಂದ ಒಮ್ಮೆ ಒತ್ತಿದರು. ಎರಡನೆಯ ಸಲ ಒತ್ತಬೇಕಾಗಲಿಲ್ಲ.

ಭರಮಣ್ಣ ಆ ಕೈಗಳನ್ನು ನೋಡಿದ. ಕೂದಲೆಳೆಯಷ್ಟೂ ಅಂದಾಜು ತಪ್ಪದ ಕೈ. ಇಷ್ಟು ಚೊಕ್ಕವಾಗಿ ಪೆಂಡಿ ಕೂರಿಸಲು ಅವನಿಗೆ ಇನ್ನೂ ಬಂದಿರಲಿಲ್ಲ.

ಸಂದಿಯ ಹೂಳನ್ನು ಗುರುಗಳೇ ಕೆರೆದು ತೆಗೆದರು. ಜಲ್ಲಿಯನ್ನು ಹೊಳೆಗೆ ಹೊತ್ತು ತೊಳೆದು ತಂದು ತುಂಬಿದರು. ಮಧ್ಯಾಹ್ನದ ಹೊತ್ತಿಗೆ ಏಳು ಪೆಂಡಿ ಬದಲಾಗಿದ್ದವು. ಯಾರೂ ಊಟಕ್ಕೆ ಹೋಗಿರಲಿಲ್ಲ.

ಕೊನೆಯ ಪೆಂಡಿಯ ಮೇಲೆ ಗುರುಗಳು ಸುಣ್ಣದ ಗಾರೆ ಮೆತ್ತತೊಡಗಿದರು. ಭರಮಣ್ಣ ಪಿಕಾಸಿ ಒರೆಸಿ ಗೋಡೆಗೆ ಒರಗಿಸಿ, ಅವರಿಗೆ ಅಡ್ಡಬಿದ್ದ.

“ಗುರುಗಳೇ, ಅಪ್ಪಣೆಯಾದರೆ ನಾಳೆ ಊರಿಗೆ ಹೊರಡುತ್ತೇನೆ.”

“ನಾಳೆ ಯಾಕೆ? ಹುಣ್ಣಿಮೆಗೆ ದೀಕ್ಷೆ ಇದೆಯಲ್ಲ.”

“ಯಾರದು?”

“ನಿನ್ನದು.”

ಗುಂಪಿನಲ್ಲಿ ಗುಜುಗುಜು ಎದ್ದಿತು. ತ್ರಿಯಂಬಕಯ್ಯ ಮುಂದೆ ಬಂದ. ಇಷ್ಟು ವರ್ಷಗಳಲ್ಲಿ ಅವನು ಗುರುಗಳ ಮಾತಿಗೆ ಎದುರಾಡಿದ್ದು ಇದೇ ಮೊದಲು.

“ಗುರುಗಳೇ, ಇವನು ನನಗೂ ಬೇಕಾದವನು. ಆದರೆ ಗೋಡೆಗೆ ಕೈ ಹಚ್ಚಿದ್ದಾನೆ, ಎಲ್ಲರೂ ನೋಡಿದ್ದಾರೆ. ನಿಯಮ ಎನ್ನುವುದು ಇದೆಯಲ್ಲ! ಅದನ್ನು ನಾವು ಸುಮ್ಮನೆ ಮಾಡಿದ್ದಲ್ಲ. ತಮ್ಮ ಕುಟೀರವನ್ನು ನೋಡಿ ಮಾಡಿದ್ದು. ಮೂವತ್ತೆರಡು ವರ್ಷದಿಂದ ಆ ಗೋಡೆಗೆ ಒಂದು ಕೈ ಸೋಕಿಲ್ಲ.”

ಗುರುಗಳು ತಿರುಗಲಿಲ್ಲ. ಅಂಗೈಯಿಂದ ಗಾರೆಯನ್ನು ಸವರುತ್ತ ಹೇಳಿದರು:

“ನೀವೆಲ್ಲ ಯಾತ್ರೆಗೆ ಹೋದಾಗ, ಪ್ರತಿ ಬೇಸಿಗೆ, ಅದರ ಕೆಳಗಿನ ಸಾಲು ಬದಲಿಸುತ್ತೇನೆ.”